ಮನೆಯಲ್ಲಿ ಕಷ್ಟವಿದ್ದಾಗ ನಾಗರಿಕರಾಗಿ ಉಳಿಯುವುದು ಹೇಗೆ? ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಿಂದ ಒಂದು ಮಾರ್ಗದರ್ಶಿ

ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಯಜಮಾನರ ಕಿಡ್ನಿ ಕೆಟ್ಟ ಮೇಲೆ ನಮ್ಮ ಮನೆ ನಡೆಯುವುದೇ ಈ ಲೆಕ್ಕದಲ್ಲಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಬರುತ್ತೇವೆ. ಅವರು ಒಳಗೆ ಮಷಿನ್ ಪಕ್ಕ ಮಲಗುತ್ತಾರೆ. ನಾನು ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಕೂರುತ್ತೇನೆ.

ಮೊದಲೆಲ್ಲಾ ನಾನು ಸಭೆ, ಸಂಘ ಅಂತ ಓಡಾಡುತ್ತಿದ್ದವಳು. ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದೆ. ಗ್ರಾಮಸಭೆ ತಪ್ಪಿಸುತ್ತಿರಲಿಲ್ಲ. ಕಾಯಿಲೆ ಬಂದ ಮೇಲೆ ಎಲ್ಲಾ ನಿಂತುಹೋಯಿತು. ಅದೇ ಹೊತ್ತಿಗೆ ಫೋನಿನಲ್ಲಿ ಬರುವ ಸುದ್ದಿ ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ಮತದಾರರ ಪಟ್ಟಿಯಿಂದ ಹೆಸರು ಹೋಯಿತು ಅನ್ನುವವರು. ಪ್ರಶ್ನೆ ಕೇಳಿದ್ದಕ್ಕೆ ಕೇಸು ಬಿತ್ತು ಅನ್ನುವವರು. ಇಷ್ಟೆಲ್ಲಾ ಆಗುವಾಗ ನಾನು ಸುಮ್ನೆ ಕೂತಿದ್ದೇನಲ್ಲ ಅನ್ನುವ ಸಂಕಟ ಒಂದು ಕಡೆ. ಮನೆಯೇ ಹೀಗಿರುವಾಗ ಊರಿನ ಉಸಾಬರಿ ನನಗೇಕೆ ಅನ್ನುವ ಸುಸ್ತು ಇನ್ನೊಂದು ಕಡೆ.

ಹೀಗೆ ಎರಡರ ನಡುವೆ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಬೆಂಚಿನ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ನಮ್ಮನ್ನು ಮನೆಗೆ ಕಟ್ಟಿಹಾಕಿದ ಕಷ್ಟದಿಂದಲೇ ಸಾರ್ವಜನಿಕ ಕೆಲಸ ಶುರು ಮಾಡಬಹುದು. ಆ ಕಷ್ಟಕ್ಕೆ ಒಂದು ಇಲಾಖೆ ಇದೆ, ಒಂದು ಖರ್ಚಿನ ಲೆಕ್ಕ ಇದೆ, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇದ್ದಾರೆ. ಅವರನ್ನು ಕೇಳುವುದೂ ರಾಜಕೀಯವೇ. ಅದಕ್ಕೆ ಬಾವುಟ ಹಿಡಿಯಬೇಕಾಗಿಲ್ಲ.

ಮೊದಲ ಹೆಜ್ಜೆ: ಕಷ್ಟ ಬರೆಯಿರಿ, ಅದು ಯಾರ ಕೈಯಲ್ಲಿದೆ ನೋಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಷ್ಟ, ಬಲಕ್ಕೆ ಅದು ಯಾರ ಕೈಯಲ್ಲಿದೆ ಅನ್ನುವುದು. ನಾನು ಬರೆದದ್ದು ಹೀಗಿತ್ತು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪು: ಆಹಾರ ಇಲಾಖೆ. ಅತ್ತೆಯ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ಮೂರು ತಿಂಗಳಿಂದ ಬಂದಿಲ್ಲ: ನಾಡಕಚೇರಿ, ತಹಶೀಲ್ದಾರ್. ನಾಲ್ಕು ಡಯಾಲಿಸಿಸ್ ಮಷಿನ್‌ಗಳಲ್ಲಿ ಒಂದು ಕೆಟ್ಟಿದೆ: ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಅವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ.

ಕೆಲವು ಸಾಲುಗಳ ಬಲಬದಿ ಖಾಲಿಯೇ ಉಳಿಯಿತು. ರಾತ್ರಿ ನಿದ್ದೆ ಬರುವುದಿಲ್ಲ. ಹತ್ತಿರದ ನೆಂಟರು ಮನೆಗೆ ಬರುವುದನ್ನೇ ಬಿಟ್ಟರು. ಅವಕ್ಕೆ ಯಾವ ಕಚೇರಿಯೂ ಇಲ್ಲ. ಆದರೂ ಬರೆಯಿರಿ. ಯಾವುದು ಅರ್ಜಿಯಿಂದ ಸರಿಹೋಗಬಹುದು, ಯಾವುದನ್ನು ಹೊತ್ತುಕೊಂಡೇ ನಡೆಯಬೇಕು ಅಂತ ಕಣ್ಣಿಗೆ ಕಂಡರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ. ನನಗೆ ಹಾಗಾಯಿತು.

ಬಲಬದಿ ತುಂಬಿಸುವಾಗ ನಾನು ಕಲಿತದ್ದು ಬಹಳ. ನಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು, ಅವರಿಗೆ ಹೇಳೋಣ ಅಂತ ವಿಚಾರಿಸಿದೆ. ಆಗ 2024. ಯಾರೂ ಇರಲಿಲ್ಲ! ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಆದದ್ದು 2016ರಲ್ಲಿ. ಅವಧಿ 2021ರಲ್ಲೇ ಮುಗಿದಿತ್ತು. ಆಮೇಲೆ ಅಧಿಕಾರಿಗಳದ್ದೇ ಆಡಳಿತ. ಬೆಂಗಳೂರಿನಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದರೆ, ಅಲ್ಲೂ ಅದೇ ಕಥೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದಿತ್ತು, ಹೊಸಬರು ಬಂದಿರಲಿಲ್ಲ. ಪ್ರಜಾಪ್ರಭುತ್ವಕ್ಕೆ ಏನಾಗುತ್ತಿದೆ ಅಂತ ದೊಡ್ಡ ದೊಡ್ಡ ಚರ್ಚೆ ಕೇಳಿದ್ದೆ. ನನಗೆ ಅರ್ಥವಾದದ್ದು ಮಾತ್ರ ಈ ಖಾಲಿ ಕುರ್ಚಿ ಕಂಡಾಗ. ನನ್ನ ಗಂಡನ ಮಷಿನ್ ಬಗ್ಗೆ ಕೇಳಲು ನಾನು ಓಟು ಹಾಕಿ ಕಳಿಸಿದ ಒಬ್ಬರು ಇರಬೇಕಿತ್ತು. ಇರಲಿಲ್ಲ.

ಎರಡನೇ ಹೆಜ್ಜೆ: ವಾರಕ್ಕೆ ಒಂದು ಗಂಟೆ, ಒಂದೇ ವಿಷಯ

ನೋಟ್‌ಬುಕ್ಕಿನಿಂದ ಒಂದೇ ಒಂದು ಸಾಲು ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ರೋಗಿಯನ್ನು, ಸಾಲವನ್ನು, ಮಕ್ಕಳ ಫೀಸನ್ನು ನೋಡಿಕೊಳ್ಳುವವರಿಗೆ ವಾರಕ್ಕೆ ಒಂದು ಗಂಟೆ ಅಂದ್ರೆ ಅದೇ ಜಾಸ್ತಿ. ನನ್ನ ಗಂಟೆ ಗುರುವಾರದ್ದು. ಮಷಿನ್ ಶುರುವಾಗಿ, ಬಿಪಿ ನೋಡಿ, ಎಲ್ಲಾ ಸರಿಯಿದೆ ಅಂತ ಸಿಸ್ಟರ್ ಹೇಳಿದ ಮೇಲೆ ಕಾಗದ ತೆಗೆಯುತ್ತಿದ್ದೆ. ನಿಮ್ಮ ಗಂಟೆ ಬೇರೆ ಕಡೆ ಇರಬಹುದು. ಹೊಲಿಗೆ ಮಷಿನ್ ಮುಂದೆ, ಅಥವಾ ಹಾಲಿನ ಡೇರಿಯ ಸಾಲಿನಲ್ಲಿ. ಅದು ನಿದ್ದೆಯಿಂದ ಕದ್ದ ಗಂಟೆ ಆಗದಿರಲಿ.

ಮೂರನೇ ಹೆಜ್ಜೆ: ಎಲ್ಲಕ್ಕಿಂತ ಮೊದಲು ಮತದಾರರ ಪಟ್ಟಿ

ಕಷ್ಟದಲ್ಲಿರುವವರ ಹೆಸರೇ ಪಟ್ಟಿಯಿಂದ ಸುಲಭವಾಗಿ ಜಾರುವುದು. ಬಾಡಿಗೆ ಕಟ್ಟಲಾಗದೆ ಮನೆ ಬದಲಿಸುತ್ತೇವೆ. ಚಿಕಿತ್ಸೆಗೆ ಅಂತ ತಿಂಗಳುಗಟ್ಟಲೆ ಬೇರೆ ಊರಲ್ಲಿರುತ್ತೇವೆ. ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದ್ರೆ ಬಿಎಲ್‌ಒ, ಮನೆಗೆ ಬಂದಾಗ ಬೀಗ ಕಾಣುತ್ತದೆ. ವೋಟರ್ ಐಡಿ ಕೈಯಲ್ಲಿದೆಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡ್ ತೋರಿಸಿ ಓಟು ಹಾಕಲು ಆಗುವುದಿಲ್ಲ.

ಆಳಂದದ ಕಥೆ ನೀವು ಕೇಳಿರಬಹುದು. ಕಲಬುರಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ 6,018 ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು ಬರೀ 24. ಚುನಾವಣಾಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಆಮೇಲೆ ಸಿಐಡಿ ತನಿಖೆ ಬಂತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅದೆಲ್ಲಾ ದೊಡ್ಡವರ ಮಟ್ಟದ ವಿಷಯ. ನನ್ನ ಮನಸ್ಸಿನಲ್ಲಿ ಉಳಿದದ್ದು ಇದು ಹೊರಗೆ ಬಂದ ರೀತಿ. ಒಬ್ಬ ಬಿಎಲ್‌ಒ ತನ್ನದೇ ಸಂಬಂಧಿಕರ ಹೆಸರು ತೆಗೆಯುವ ಅರ್ಜಿ ಬಂದದ್ದನ್ನು ಗಮನಿಸಿದರು. ಅರ್ಜಿ ಹಾಕಿದವರು ಅಂತ ನೆರೆಯವರ ಹೆಸರಿತ್ತು. ಕೇಳಿದರೆ, ನಾವು ಹಾಕಿಯೇ ಇಲ್ಲ ಅಂದರು. ಒಬ್ಬರು ಹೋಗಿ ಕೇಳಿದ್ದರಿಂದ ಅಷ್ಟು ಜನರ ಓಟು ಉಳಿಯಿತು.

ಹಾಗಾಗಿ ಹೀಗೆ ಮಾಡಿ. ಚುನಾವಣಾ ಆಯೋಗದ ಜಾಲತಾಣದಲ್ಲೋ, ಅದರ ಆಪ್‌ನಲ್ಲೋ ನಿಮ್ಮ ಕಾರ್ಡಿನ ನಂಬರ್ ಹಾಕಿ ಹೆಸರು ನೋಡಿ. ಇಂಟರ್‌ನೆಟ್ ಬೇಡ ಅಂದ್ರೆ 1950ಕ್ಕೆ ಫೋನ್ ಮಾಡಿ. ಹೆಸರಿನ ಜೊತೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದುಕೊಳ್ಳಿ. ಆ ಪುಟದ ಫೋಟೋ ಇಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ಚುನಾವಣೆ ಘೋಷಣೆ ಆದ ಮೇಲೆ ನೋಡಿದರೆ ತಡವಾಗಿರಬಹುದು.

ಮೂರು ನಮೂನೆಗಳು ಗೊತ್ತಿದ್ದರೆ ಸಾಕು. ಹೊಸದಾಗಿ ಸೇರಿಸಲು ನಮೂನೆ 6. ಮನೆ ಬದಲಾಗಿದ್ದರೆ, ತಪ್ಪು ತಿದ್ದಬೇಕಿದ್ದರೆ, ಕಾರ್ಡ್ ಕಳೆದಿದ್ದರೆ ನಮೂನೆ 8. ಹೆಸರು ತೆಗೆಸಲು ಅಥವಾ ಆಕ್ಷೇಪಣೆಗೆ ನಮೂನೆ 7. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಈ ಏಳನೇ ನಮೂನೆ ನೀವೇ ಕೊಡಿ. ನಮ್ಮ ಮಾವನವರದ್ದು ನಾನೇ ಕೊಟ್ಟೆ. ಬೇಜಾರಾಯಿತು, ಆದರೆ ಅವರ ಹೆಸರನ್ನು ಬೇರೆ ಯಾರೋ ಬಳಸುವುದಕ್ಕಿಂತ ಅದೇ ಮೇಲು. ಹದಿನೆಂಟು ತುಂಬಿದ ಮಕ್ಕಳಿದ್ದರೆ ಈಗ ಜನವರಿ 1ಕ್ಕೇ ಕಾಯಬೇಕಿಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ.

ನಿಮ್ಮ ಹೆಸರು ತೆಗೆಯಬೇಕು ಅಂತ ಯಾರಾದರೂ ಕೇಳಿದರೆ, ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು. ಆದೇಶ ನಿಮ್ಮ ವಿರುದ್ಧ ಬಂದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಈ ದಿನಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ವಿಶೇಷ ತೀವ್ರ ಪರಿಷ್ಕರಣೆ, ಅಂದ್ರೆ ಮನೆ ಮನೆಗೆ ಫಾರಂ ಕೊಟ್ಟು ಮತದಾರರ ಪಟ್ಟಿಯನ್ನು ಹೊಸದಾಗಿ ಮಾಡುವುದು, ಅನ್ನುವ ಮಾತು ಈಗ ಎಲ್ಲರ ಬಾಯಲ್ಲಿದೆ. ಬಿಹಾರದಲ್ಲಿ 2025ರ ಆಗಸ್ಟ್ ಒಂದರಂದು ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರುಗಳು ಅದರಲ್ಲಿರಲಿಲ್ಲ. ಬಿಟ್ಟುಹೋದ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಕೇರಳದಲ್ಲೂ ಶುರುವಾಗಿ ಕಾಸರಗೋಡಿನ ಕನ್ನಡಿಗರ ಮನೆಗಳಿಗೂ ಫಾರಂ ಬಂತು. ಈ ಕೆಲಸದಲ್ಲಿ ಹಳೆಯ ಪಟ್ಟಿಯಲ್ಲಿ ನಿಮ್ಮದೋ ಅಪ್ಪ ಅಮ್ಮನದೋ ಹೆಸರಿದೆಯಾ ಅಂತ ಕೇಳುತ್ತಾರೆ. ಕೇರಳದಲ್ಲಿ ಅದು 2002ರ ಪಟ್ಟಿ. ಕರ್ನಾಟಕದಲ್ಲೂ ಅದಕ್ಕೆ ಮುಂಚಿನ ತೀವ್ರ ಪರಿಷ್ಕರಣೆ ಆ ವರ್ಷದ್ದೇ. ಮದುವೆಯಾಗಿ ಊರು ಬದಲಿಸಿದ ಹೆಂಗಸರಿಗೆ ಇದು ಹೆಚ್ಚು ತೊಡಕು. ತವರಿನ ಪಟ್ಟಿಯಲ್ಲಿ ಅಪ್ಪನ ಹೆಸರು ಎಲ್ಲಿದೆ ಅಂತ ಪುರುಸೊತ್ತಿದ್ದಾಗಲೇ ಹುಡುಕಿ, ಜೆರಾಕ್ಸ್ ಇಟ್ಟುಕೊಳ್ಳಿ.

ಮನೆಯಲ್ಲಿ 85 ದಾಟಿದ ಹಿರಿಯರಿದ್ದರೆ, ಅಥವಾ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿದ್ದರೆ, ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಮನೆಯಿಂದಲೇ ಓಟು ಹಾಕಬಹುದು. ನಮೂನೆ 12ಡಿ ಅಂತ ಕೇಳಿ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ನಮ್ಮ ಅತ್ತೆಗೆ ಎಂಬತ್ತೇಳು. 2024ರ ಲೋಕಸಭಾ ಚುನಾವಣೆಯಲ್ಲಿ ಅವರು ಮಂಚದ ಮೇಲೇ ಕೂತು, ಸೆರಗು ಸರಿಮಾಡಿಕೊಂಡು, ಎಲ್ಲರನ್ನೂ ಕೋಣೆಯಿಂದ ಆಚೆ ಕಳಿಸಿ ಓಟು ಹಾಕಿದರು. ಯಾರಿಗೆ ಅಂತ ಇವತ್ತಿಗೂ ಹೇಳಿಲ್ಲ.

ಒಂದು ಎಚ್ಚರಿಕೆ. ವೋಟರ್ ಸರ್ವೆ ಅಂತ ಮನೆಗೆ ಬಂದವರಿಗೆ, ಫೋನ್ ಮಾಡಿದವರಿಗೆ ಕಾರ್ಡಿನ ಫೋಟೋ, ಓಟಿಪಿ ಕೊಡಬೇಡಿ. ಬಿಎಲ್‌ಒ ಆಗಿದ್ದರೆ ಗುರುತಿನ ಚೀಟಿ ಕೇಳಿ. ನಿಜವಾದ ಬಿಎಲ್‌ಒ ಹೆಚ್ಚಾಗಿ ನಿಮ್ಮೂರಿನ ಮೇಷ್ಟ್ರೋ ಅಂಗನವಾಡಿ ಟೀಚರ್ರೋ ಆಗಿರುತ್ತಾರೆ. ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ಬಾಯಿಮಾತು ಬಿಡಿ, ಕಾಗದ ಹಿಡಿಯಿರಿ

ನಮ್ಮ ಆಸ್ಪತ್ರೆಯಲ್ಲಿ ಒಂದು ಮಷಿನ್ ಕೆಟ್ಟು ವಾರಗಳೇ ಕಳೆದವು. ನಾಲ್ಕು ಗಂಟೆಯ ಡಯಾಲಿಸಿಸ್ ಮೂರಕ್ಕೆ ಇಳಿಯಿತು. ಯಜಮಾನರ ಕಾಲು ಊದಿಕೊಂಡು ಚಪ್ಪಲಿ ಹಾಕಲು ಆಗುತ್ತಿರಲಿಲ್ಲ. ನಾವೆಲ್ಲಾ ಸಿಟ್ಟು ತೀರಿಸಿಕೊಂಡದ್ದು ಯಾರ ಮೇಲೆ? ಡ್ಯೂಟಿಯಲ್ಲಿದ್ದ ಸಿಸ್ಟರ್ ಮೇಲೆ. ಅವರು ಒಂದು ದಿನ ಅತ್ತುಬಿಟ್ಟರು. "ಅಕ್ಕಾ, ನಾನೇನು ಮಷಿನ್ ಬಚ್ಚಿಟ್ಟುಕೊಂಡಿದ್ದೀನಾ? ನನ್ನ ಸಂಬಳಾನೇ ಎರಡು ತಿಂಗಳಿಂದ ಬಂದಿಲ್ಲ" ಅಂದರು. ನಾಚಿಕೆಯಾಯಿತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ನಮ್ಮ ಸಿಟ್ಟು ಇನ್ನೊಬ್ಬ ಬಡವಳ ದವಡೆಗೆ ಮೂಲವಾಗಿತ್ತು.

ಅವತ್ತೇ ಅರ್ಜಿ ಬರೆದೆವು. ಅರ್ಜಿ ಚಿಕ್ಕದಿರಲಿ. ಯಾವ ದಿನದಿಂದ ಏನು ಕೆಟ್ಟಿದೆ, ಅದರಿಂದ ಎಷ್ಟು ಜನರಿಗೆ ಏನು ತೊಂದರೆ, ಏನು ಮಾಡಿಕೊಡಬೇಕು. ಇಷ್ಟೇ. ಬೈಗುಳ ಬೇಡ, ಕಾಲಿಗೆ ಬೀಳುವ ಮಾತೂ ಬೇಡ. ಬೆಂಚಿನ ಮೇಲಿದ್ದ ಹನ್ನೊಂದು ಜನ ಸಹಿ ಹಾಕಿದೆವು. ಇಬ್ಬರು ಹೆಬ್ಬೆಟ್ಟು ಒತ್ತಿದರು. ಆಡಳಿತ ವೈದ್ಯಾಧಿಕಾರಿಗೆ ಒಂದು, ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು, ಶಾಸಕರಿಗೆ ಒಂದು. ಶಾಸಕರಿಗೆ ಯಾಕೆ ಅಂದ್ರೆ, ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿರುತ್ತದೆ, ಅದಕ್ಕೆ ಅವರೇ ಅಧ್ಯಕ್ಷರು. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು, ರಿಪೇರಿ ಇದರ ಮುಂದೆ ಬರುತ್ತದೆ. ನನಗೆ ಇದು ಆವರೆಗೆ ಗೊತ್ತೇ ಇರಲಿಲ್ಲ.

ಅರ್ಜಿ ಕೊಡುವಾಗ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅದರ ಮೇಲೆ ಕಚೇರಿ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಎದ್ದು ಬರಬೇಡಿ. "ಕೊಟ್ಟು ಹೋಗಿ, ನೋಡ್ತೀವಿ" ಅನ್ನುತ್ತಾರೆ. ನಿಲ್ಲಿ. ನಿಲ್ಲಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಅರ್ಜಿಯ ಪ್ರತಿಗೆ ಅಂಟಿಸಿ. 1902ಕ್ಕೆ ಫೋನ್ ಮಾಡಿ ಸಾರ್ವಜನಿಕ ಕುಂದುಕೊರತೆ ವಿಭಾಗದಲ್ಲೂ ದೂರು ದಾಖಲಿಸಬಹುದು. ಅವರು ಕೊಡುವ ನಂಬರ್ ಬರೆದುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದಂಥ ಕೆಲಸಕ್ಕೆ 2011ರ ಸಕಾಲ ಕಾಯ್ದೆ ಇದೆ. ಎಷ್ಟು ದಿನದಲ್ಲಿ ಆಗಬೇಕು ಅನ್ನುವುದು ಅದರಲ್ಲಿ ನಿಗದಿಯಾಗಿರುತ್ತದೆ. ಅರ್ಜಿ ಕೊಟ್ಟಾಗ ಸಕಾಲ ನಂಬರ್ ಕೇಳಿ ಪಡೆಯಿರಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಇದರ ಬಗ್ಗೆ ಹೆದರಿಕೆ ಬೇಡ. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿದ್ದರೆ ಅದರ ಜೆರಾಕ್ಸ್ ಲಗತ್ತಿಸಿ, ಫೀಸೇ ಇಲ್ಲ. ಯಾಕೆ ಕೇಳುತ್ತಿದ್ದೀರಿ ಅಂತ ಕಾರಣ ಹೇಳಬೇಕಿಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಪದಗಳನ್ನು ಹಿಡಿದು ಖರ್ಚು ಮಾಡಿ. ಆನ್‌ಲೈನ್‌ನಲ್ಲೂ ಹಾಕಬಹುದು.

ಕೇಳುವ ರೀತಿ ಮುಖ್ಯ. "ಮಷಿನ್ ಯಾಕೆ ರಿಪೇರಿ ಮಾಡಿಲ್ಲ?" ಅಂತ ಕೇಳಿದರೆ, ಇದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ. ನಾನು ಕೇಳಿದ್ದು ಇಷ್ಟು: ಮಷಿನ್‌ಗಳ ಲಾಗ್ ಪುಸ್ತಕದ ಪ್ರತಿ, ರಿಪೇರಿಗೆ ಬರೆದ ಪತ್ರಗಳ ಪ್ರತಿ, ಡಯಾಲಿಸಿಸ್ ಘಟಕ ನಡೆಸುವ ಏಜೆನ್ಸಿ ಜೊತೆಗಿನ ಒಪ್ಪಂದದಲ್ಲಿ ರಿಪೇರಿ ಬಗ್ಗೆ ಇರುವ ಪುಟ, ಹಿಂದಿನ ಒಂದು ವರ್ಷದ ಆರೋಗ್ಯ ರಕ್ಷಾ ಸಮಿತಿಯ ನಡಾವಳಿ. ಯಾರ ಹೆಸರನ್ನೂ ಕೇಳಲಿಲ್ಲ. ಹೆಸರು, ಸಂಬಳ ಅಂತ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ತಳ್ಳಿಹಾಕುವುದು ಈಗ ಇನ್ನೂ ಸುಲಭವಾಗಿದೆ. ಲೆಕ್ಕ, ತಾರೀಖು, ಒಪ್ಪಂದ ಕೇಳಿದರೆ ಆ ದಾರಿ ಅವರಿಗಿಲ್ಲ.

ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ತುಂಬಾ ಕಾಯಬೇಕಾಗುತ್ತದೆ ಅನ್ನುವುದು ನಿಜ. ಆದರೆ ನನ್ನ ಅರ್ಜಿ ಅಲ್ಲಿವರೆಗೆ ಹೋಗಲಿಲ್ಲ. 27ನೇ ದಿನ ಒಂದು ದಪ್ಪ ಲಕೋಟೆ ಬಂತು. ಒಪ್ಪಂದದ ಪುಟದಲ್ಲಿ, ಕೆಟ್ಟ ಮಷಿನ್ ಇಷ್ಟು ದಿನದೊಳಗೆ ರಿಪೇರಿ ಆಗಬೇಕು ಅಂತ ಸ್ಪಷ್ಟವಾಗಿತ್ತು. ಅದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಇನ್ನೊಂದು ಅರ್ಜಿ ಕೊಟ್ಟೆವು. ಏಳನೇ ವಾರ ಮಷಿನ್ ರಿಪೇರಿಯಾಯಿತು. ನಮ್ಮ ಅರ್ಜಿಯಿಂದಲೇ ಆಯಿತಾ, ಸುಮ್ಮನೆ ಆ ಹೊತ್ತಿಗೆ ಬಿಡಿಭಾಗ ಬಂತಾ, ಖಂಡಿತವಾಗಿ ಹೇಳಲಾರೆ. ಆದರೆ ಆಮೇಲೆ ಮಷಿನ್ ಕೆಟ್ಟರೆ ಬಾಗಿಲ ಮೇಲೆ ತಾರೀಖು ಬರೆದು ಅಂಟಿಸಲು ಶುರು ಮಾಡಿದರು. ಅದು ನಮಗಾಗಿಯೇ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಜಮೀನು, ಮರಳು, ಕಾಮಗಾರಿ ಬಿಲ್ಲುಗಳ ಬಗ್ಗೆ ಮಾಹಿತಿ ಕೇಳುವುದು ಬೇರೆಯೇ ವಿಷಯ. ಅಲ್ಲಿ ಹಣ ಇದೆ, ಬೆದರಿಕೆ ಇದೆ. ಮನೆಯಲ್ಲಿ ರೋಗಿ ಇರುವವರು ಒಂಟಿಯಾಗಿ ಅಂಥದ್ದಕ್ಕೆ ಕೈಹಾಕಬೇಡಿ. ಇದು ಹೇಡಿತನ ಅಲ್ಲ. ನಿಮ್ಮನ್ನೇ ನಂಬಿಕೊಂಡ ಒಂದು ಜೀವ ಇದೆ.

ಐದನೇ ಹೆಜ್ಜೆ: ಜೊತೆಯವರು ಪಕ್ಕದಲ್ಲೇ ಇದ್ದಾರೆ

ನಮ್ಮ ಬೆಂಚಿನಲ್ಲಿ ಎಲ್ಲಾ ಪಕ್ಷದವರೂ ಇದ್ದರು. ಒಬ್ಬ ಅಣ್ಣ ಫೋನಿನಲ್ಲಿ ಒಂದು ಪಕ್ಷದ ಭಾಷಣ ಜೋರಾಗಿ ಹಾಕುತ್ತಿದ್ದರು. ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ಅರ್ಜಿ ಬರೆಯುವ ದಿನ ನಾನು ಒಂದೇ ಕೇಳಿಕೊಂಡೆ. ಬೆಂಚಿನ ಮೇಲೆ ಮಷಿನ್ ಮಾತು, ಹೊರಗೆ ಹೋದ ಮೇಲೆ ಪಕ್ಷದ ಮಾತು. ಆ ಅಣ್ಣನೇ ಮೊದಲ ಸಹಿ ಹಾಕಿದರು.

ರಾಜ್ಯದಲ್ಲಿ ಕಣ್ಣೆದುರಿಗೆ ನಡೆದ ಉದಾಹರಣೆಗಳಿವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಅಷ್ಟು ವರ್ಷ ಅವರ ಮನೆಯಲ್ಲೂ ಬಾಣಂತಿಯರಿದ್ದರು, ಕಾಯಿಲೆಯವರಿದ್ದರು, ಹಸು ಕರೆಯುವುದಿತ್ತು. ಅಷ್ಟು ದೀರ್ಘ ಕಾಲ ದಿನಾ ಯಾರಿಂದಲೂ ಬರಲಾಗುವುದಿಲ್ಲ. ಒಬ್ಬರು ಬರಲಾಗದ ದಿನ ಇನ್ನೊಬ್ಬರು ಇರಬೇಕು, ಅಲ್ವಾ? ಆಶಾ ಕಾರ್ಯಕರ್ತೆಯರನ್ನೂ ನೋಡಿ. 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ತಿಂಗಳಿಗೆ 10,000 ರೂಪಾಯಿ ಗೌರವಧನದ ಭರವಸೆ ಪಡೆದೇ ಎದ್ದರು.

ಬೆಂಗಳೂರಿಗೆ ಹೋಗಲು ಆಗದವರಿಗೆ ಗ್ರಾಮಸಭೆ ಇದೆ. ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಲೇಬೇಕು. ದಿನಾಂಕವನ್ನು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಪಿಡಿಒಗೆ ಕೇಳಿ. ನಿಮಗೆ ಬರಲು ಆಗದಿದ್ದರೆ ವಿಷಯವನ್ನು ಬರೆದು ಮೊದಲೇ ಕೊಟ್ಟು ಸೀಲು ಹಾಕಿಸಿಕೊಳ್ಳಿ. ನಂಬುವ ಪಕ್ಕದ ಮನೆಯವರಿಗೆ, "ಇದನ್ನು ಓದಿ, ನಡಾವಳಿಯಲ್ಲಿ ಬರೆಸಿ ಬಾ ತಾಯಿ" ಅನ್ನಿ. ನಡಾವಳಿ ಪುಸ್ತಕದಲ್ಲಿ ಬರೆಯದ ಮಾತು ಗಾಳಿಗೆ ಹೋದ ಹಾಗೆ. ಸಹಿ ಮಾತ್ರ ಮಾಡಿಸಿಕೊಂಡು ಸಭೆ ಆಯಿತು ಅನ್ನುವ ಊರುಗಳಿವೆ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ.

ಆರನೇ ಹೆಜ್ಜೆ: ಸಾಲ, ಹೆದರಿಕೆ, ಫೋನು

ಕಾಯಿಲೆ ಇದ್ದಲ್ಲಿ ಸಾಲ ಇದ್ದೇ ಇರುತ್ತದೆ. ನಾವೂ ಎರಡು ಕಡೆ ಮೈಕ್ರೋ ಫೈನಾನ್ಸ್ ಸಾಲ ತೆಗೆದಿದ್ದೆವು. ಕಂತು ತಪ್ಪಿದಾಗ ಸಂಜೆ ಏಳಕ್ಕೆ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಮಾನ ಹೋಯಿತು ಅಂತ ನಾನು ಊರಲ್ಲಿ ತಲೆ ಎತ್ತುತ್ತಿರಲಿಲ್ಲ. ಸಭೆ ಬಿಟ್ಟದ್ದಕ್ಕೆ ನಿಜವಾದ ಕಾರಣ ಕಾಯಿಲೆಗಿಂತ ಈ ನಾಚಿಕೆಯೇ ಅಂತ ಈಗ ಅನ್ನಿಸುತ್ತದೆ. 2025ರ ಶುರುವಿನಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ತಾಳಿಯನ್ನೇ ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸಿದ ಸುದ್ದಿ ಓದಿದಾಗ ನಾನೊಬ್ಬಳೇ ಅಲ್ಲ ಅಂತ ಗೊತ್ತಾಯಿತು. ಆ ಫೆಬ್ರುವರಿಯಲ್ಲೇ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಬಂತು.

ಸಾಲ ಮನ್ನಾ ಆಯಿತು ಅಂತ ಇದನ್ನು ತಿಳಿಯಬೇಡಿ. ತೆಗೆದುಕೊಂಡದ್ದು ಕಟ್ಟಬೇಕು. ಆದರೆ ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ ಫೋನ್ ಮಾಡಿ ಕಾಡುವಂತಿಲ್ಲ. ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬಂದವರ ಹೆಸರು, ಗಂಟೆ, ಆಡಿದ ಮಾತು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಸಾಲಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಅಂತ 15100ಕ್ಕೆ ಫೋನ್ ಮಾಡಿ ಕೇಳಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ.

ಫೋನಿನ ಬಗ್ಗೆ. ನಾನು ಸುದ್ದಿ ನೋಡುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿದೆ. ಬೆಳಿಗ್ಗೆ ಬಸ್‌ಸ್ಟಾಂಡಿನಲ್ಲಿ ಪೇಪರ್. ರಾತ್ರಿ ಫೋನು ಅಡುಗೆಮನೆಯಲ್ಲಿ. ಸಿಟ್ಟು ಬರಿಸುವ ವಿಡಿಯೋ ಬಂದರೆ ಮುಂದಕ್ಕೆ ಕಳಿಸುವ ಮುಂಚೆ ಒಂದು ದಿನ ಕಾಯುತ್ತೇನೆ. ಹೆಚ್ಚಿನವು ಮರುದಿನ ಸುಳ್ಳು ಅಂತ ಗೊತ್ತಾಗುತ್ತವೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಎರಡು ಸಲ ಮಾಡಿದ್ದೇನೆ.

ಕೊನೆಯ ಹೆಜ್ಜೆ: ಬಿಡಬೇಕಾದಾಗ ಬಿಡಿ, ಆದರೆ ನೋಟ್‌ಬುಕ್ ಕೊಟ್ಟು ಬಿಡಿ

ಹೋದ ಮಳೆಗಾಲದಲ್ಲಿ ಯಜಮಾನರಿಗೆ ಇನ್‌ಫೆಕ್ಷನ್ ಆಗಿ ಜಿಲ್ಲಾಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ಆಗ ನನಗೆ ಯಾವ ಅರ್ಜಿಯೂ ಬೇಡವಾಗಿತ್ತು. ಅಂಥ ದಿನಗಳಲ್ಲಿ ನಿಲ್ಲಿಸಿಬಿಡಿ. ಯಾರಿಗೂ ಸಬೂಬು ಹೇಳಬೇಕಿಲ್ಲ. ಅದಕ್ಕಾಗಿಯೇ ನೋಟ್‌ಬುಕ್ಕನ್ನು ಬೇರೆಯವರಿಗೂ ಅರ್ಥವಾಗುವ ಹಾಗೆ ಬರೆಯಬೇಕು. ಯಾವ ಅರ್ಜಿ ಯಾವತ್ತು ಕೊಟ್ಟದ್ದು, ಇನ್‌ವರ್ಡ್ ನಂಬರ್ ಏನು, ಮುಂದಿನ ತಾರೀಖು ಯಾವಾಗ, ಯಾವ ಕಚೇರಿಯಲ್ಲಿ ಯಾರು ಮರ್ಯಾದೆಯಿಂದ ಮಾತಾಡುತ್ತಾರೆ. ಕಾಗದಗಳ ಫೋಟೋ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಜಿಲ್ಲಾಸ್ಪತ್ರೆಗೆ ಹೊರಡುವ ದಿನ ನಾನು ನೋಟ್‌ಬುಕ್ಕನ್ನು ಆ ಭಾಷಣ ಹಾಕುವ ಅಣ್ಣನ ಕೈಗೆ ಕೊಟ್ಟೆ. ಅವರಿಗೆ ಬರೆಯಲು ಅಷ್ಟು ಬರುವುದಿಲ್ಲ, ಮಗಳ ಹತ್ತಿರ ಬರೆಸುತ್ತೇನೆ ಅಂದರು. ವಾಪಸ್ ಬಂದಾಗ ನಾಲ್ಕು ಪುಟ ತುಂಬಿತ್ತು. ಹತ್ತನೇ ಕ್ಲಾಸಿನ ಹುಡುಗಿಯ ಗುಂಡಗಿನ ಅಕ್ಷರ. ಕೊನೆಯ ಸಾಲು ಹೀಗಿತ್ತು: "ಶನಿವಾರ. ನೀರಿನ ಫಿಲ್ಟರ್ ಬಗ್ಗೆ ಅರ್ಜಿ ಕೊಟ್ಟೆವು. ಒಂಬತ್ತು ಸಹಿ. ಸೀಲು ಹಾಕಿಸಿದ್ದೇವೆ."